ನವತಂತ್ರಾಂಗೀಕಾರ ಮೀಮಾಂಸೆ

ವೆಬ್‌ಸೈಟಿನ ನಿರ್ಮಾಣಕ್ಕೆಂದು ಹೊಸದಾಗಿ ಅವತರಿಸಿದ ಫ್ರೇಮ್‌ವರ್ಕನ್ನು ಅಂಗೀಕರಿಸತಕ್ಕುದೋ ಅಲ್ಲವೋ ಎಂಬ ಸಂಶಯವು ಸಾಫ್ಟ್‌ವೇರ್ ಕಚೇರಿಗಳ ಸಭೆಗಳಲ್ಲಿ ಪದೇ ಪದೇ ತಲೆಯೆತ್ತುತ್ತಿದ್ದರೂ, ಅದನ್ನು ಷಟ್ಪ್ರಮಾಣಗಳ ಒರೆಗಲ್ಲಿಗೆ ಹಚ್ಚಿ ನೋಡುವ ಶ್ರಮವನ್ನು ಪಂಡಿತರಾರೂ ವಹಿಸಿದಂತೆ ಕಾಣದ ಕಾರಣ, ಅಲ್ಪಮತಿಯಾದ ನಾನು ಆ ಸಾಹಸಕ್ಕೆ ಕೈಯಿಕ್ಕಿದ್ದೇನೆ.

ಫ್ರೇಮ್‌ವರ್ಕುಗಳು ತಮ್ಮ ಮಹಿಮೆಯನ್ನು ಪ್ರಕಟಿಸುವುದಕ್ಕೆ ಟುಡೂ ಪಟ್ಟಿಯೊಂದನ್ನು ಕಟ್ಟಿ ತೋರಿಸುವುದು ಶಿಷ್ಟಾಚಾರವಷ್ಟೆ. 'ಹಾಲು ತರಬೇಕು' ಎಂಬ ವಾಕ್ಯದ ಮೇಲೆ ಗೆರೆ ಬಿದ್ದುದನ್ನು ಕಣ್ಣಾರೆ ಕಂಡವನು ಬ್ಯಾಂಕಿನ ಸಮಸ್ತ ವ್ಯವಹಾರವೂ ಅಷ್ಟೇ ಸಲೀಸಾಗಿ ಸಾಗೀತೆಂದು ನಂಬುವನು. ಇದು ಪ್ರತ್ಯಕ್ಷ. ಶಬ್ದಪ್ರಮಾಣಕ್ಕೆ ಫ್ರೇಮ್‌ವರ್ಕನ್ನು ರಚಿಸಿದವನ ಬಾಯಿಮಾತೇ ಸಾಕು. ತನ್ನ ಕೂಸಿನ ವಿಷಯದಲ್ಲಿ ಅವನಿಗಿಂತ ಆಪ್ತನಾರು? ಉಪಮಾನದ ಬಲ ಇನ್ನೂ ದೊಡ್ಡದು. ನೂರು ಕೋಟಿಗೂ ಮೀರಿ ಬಳಕೆದಾರರಿದ್ದ ಫೇಸ್‌ಬುಕ್ಕಿನವರು ತಮ್ಮ ತೊಡಕುಗಳ ಪರಿಹಾರಕ್ಕಾಗಿ ನಿರ್ಮಿಸಿಕೊಂಡು 2013ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ರಿಯಾಕ್ಟು, ಗವಯವು ಗೋವಿನಂತಿರುವುದೆಂಬ ನ್ಯಾಯದಿಂದ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯ ನೋಟೀಸನ್ನು ಪ್ರಕಟಿಸುವ ಪತ್ತಿನ ಸಹಕಾರ ಸಂಘಕ್ಕೂ ಅನಿವಾರ್ಯವೆಂದು ಸಿದ್ಧವಾಗುತ್ತದೆ. ಅನುಪಲಬ್ಧಿಯೂ ಅನುಕೂಲವೇ: ಹೊಸ ಫ್ರೇಮ್‌ವರ್ಕಿನ ಮೇಲೆ ದೂರುಗಳು ಕಾಣದಿರುವುದರಿಂದ ಅದು ನಿರ್ದುಷ್ಟವಾದುದು, ಬಳಸಿದವರೇ ಇಲ್ಲದುದರಿಂದ ದೂರುಗಳಿಲ್ಲವೆಂಬುದು ಕುತರ್ಕ.

ಪ್ರತಿಕೂಲವಾದುದು ಅನುಮಾನವೊಂದೇ. 2010ರ ಆಂಗ್ಯುಲರ್‌ಜೆಎಸ್ಸನ್ನು ನಂಬಿ ಸೌಧ ಕಟ್ಟಿದವರು, 2016ರಲ್ಲಿ ಹೆಚ್ಚುಕಡಿಮೆ ಅದೇ ಹೆಸರು ಹೊತ್ತು ಬಂದ ಉತ್ತರಾಧಿಕಾರಿಯು ಹಳೆಯ ಬರವಣಿಗೆಯನ್ನು ಹಾಗೆಯೇ ಒಪ್ಪಿಕೊಳ್ಳದುದನ್ನು ಕಂಡು, ತಳಪಾಯದಿಂದ ಮತ್ತೆ ತೊಡಗಬೇಕಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ, 11 ಸಾಲಿನ ಕೋಡಿನ ಪರೋಪಕಾರಿಯೊಂದನ್ನು ಅದರ ಕರ್ತೃವು ಹಿಂತೆಗೆದುಕೊಂಡೊಡನೆ, ಅದನ್ನು ತಮಗರಿವಿಲ್ಲದೆಯೇ ಆಶ್ರಯಿಸಿದ್ದ ಅಸಂಖ್ಯ ಯೋಜನೆಗಳು ದೇಶದೇಶಗಳಲ್ಲಿ ಮುಗ್ಗರಿಸಿದುವು. ಇತ್ತ ಟಿಮ್ ಬರ್ನರ್ಸ್-ಲೀ ಅವರು 1991ರ ಸುಮಾರಿಗೆ ಸರ್ನ್‌ನಲ್ಲಿ ಬರೆದಂಥ ಸಾದಾ ಎಚ್‌ಟಿಎಂಎಲ್ ಪುಟಗಳು ಇಂದಿನ ಬ್ರೌಸರಿನಲ್ಲಿಯೂ ನಿಶ್ಚಿಂತೆಯಿಂದ ತೆರೆದುಕೊಳ್ಳುತ್ತವೆ. ಇಂಥ ವ್ಯಾಪ್ತಿಜ್ಞಾನವನ್ನು ಹೊಂದಿದ ಹಿರಿಯನೊಬ್ಬನು ಸಭೆಯ ಹಿಂದಿನ ಸಾಲಿನಲ್ಲಿ ಇದ್ದೇ ಇರುತ್ತಾನೆ. ಅವನು ಕೆಮ್ಮುವಷ್ಟರಲ್ಲಿ ಸಭೆಯು ಕಾಫಿಗೆ ಏಳುವುದು ವಾಡಿಕೆ.

ಇನ್ನು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತನು ದಪ್ಪಗಿರುವುದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸತಕ್ಕುದೆಂಬುದು ಶಾಸ್ತ್ರಪ್ರಸಿದ್ಧ. ಹಾಗೆಯೇ, ಹಗಲೆಲ್ಲ ಹಳೆಯ ತಾಣದ ದೋಷಗಳನ್ನು ತಿದ್ದುವುದರಲ್ಲಿಯೇ ಮುಳುಗಿರುವ ದೇವದತ್ತನು, ಕಚೇರಿಯಲ್ಲಿ ಯಾರೂ ಕಲಿಸದ ನೂತನ ಫ್ರೇಮ್‌ವರ್ಕಿನಲ್ಲಿ ಪಾರಂಗತನಾಗಿ, ಅದಿಲ್ಲದೆ ಸಂಸ್ಥೆಗೆ ಉಳಿಗಾಲವಿಲ್ಲವೆಂದು ಉಜ್ಜುಗಿಸಿ ವಾದಿಸಿದನಾದರೆ, ಅವನು ರಾತ್ರಿಯ ವೇಳೆಯಲ್ಲಿ ಅನ್ಯಸಂಸ್ಥೆಯ ಇಂಟರ್‌ವ್ಯೂವಿಗೆ ಸಿದ್ಧನಾಗುತ್ತಿರುವನೆಂದೂ, ಅವನ ಬಯೋಡೇಟಾದಲ್ಲಿ ಒಂದು ಸಾಲು ಮಾತ್ರ ಕೊರೆಯಾಗಿರುವುದೆಂದೂ ಕಲ್ಪಿಸದೆ ಗತ್ಯಂತರವಿಲ್ಲ. ಆ ಸಾಲಿನ ಪೂರಣಕ್ಕಾಗಿ ನಿರ್ಣಯವು ಮೊದಲೇ ಆಗಿರುವುದು. ಮಿಕ್ಕ ಪ್ರಮಾಣಗಳೆಲ್ಲ ನಡಾವಳಿ ಪುಸ್ತಕದ ಶೋಭೆಗೆ.

ಅಂಗೀಕಾರವಾಗಿ ಕೆಲವು ತಿಂಗಳಲ್ಲಿ ದೇವದತ್ತನು ಕಾಣಿಕೆಯ ಹಾರದೊಡನೆ ಬೀಳ್ಕೊಳ್ಳುತ್ತಾನೆ. ಅವನು ಅರ್ಧಕ್ಕೆ ಬಿಟ್ಟ ಕೋಡನ್ನು ಈಗ ಯಜ್ಞದತ್ತನು ಹಗಲೆಲ್ಲ ತಿದ್ದುತ್ತಿದ್ದಾನೆ. ಯಜ್ಞದತ್ತನೂ ಈಚೆಗೆ ಕೊಂಚ ಮೈದುಂಬಿಕೊಳ್ಳುತ್ತಿರುವಂತೆ ತೋರುತ್ತದೆ.