ಈ ವರ್ಷ ನಮಗೆ ಹಬ್ಬ ಇಲ್ಲ

ಹಬ್ಬ ಮಾಡುವುದು ಅಂಥ ಕಷ್ಟವಲ್ಲ, ಕೈಸಾಲ ಹುಟ್ಟಿದರೆ ಸಾಕು. ಹಬ್ಬ ಮಾಡದೆ ಸುಮ್ಮನೆ ಕೂರುವುದಿದೆಯಲ್ಲ, ಅದಕ್ಕೆ ಗಂಡೆದೆ ಬೇಕು. 2022ರ ಕ್ರಿಸ್‌ಮಸ್‌ನಲ್ಲಿ ಆ ಸಾಹಸಕ್ಕೆ ಇಳಿದ ನಾನು ಮನೆಯ ಪಡಸಾಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲಿಸಿದ್ದು ನಮ್ಮ ಬೀದಿಗೆಲ್ಲ ಗೊತ್ತಿದೆ. ಗೊತ್ತಿಲ್ಲದವರಿಗೆ ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ನಮ್ಮ ದುರ್ಗದ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ವರ್ಷ ತುಂಬುವ ತನಕ ಹಬ್ಬವಿಲ್ಲ. ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಎಣ್ಣೆ ಬಾಂಡಲಿ ಏರುವುದಿಲ್ಲ. ಕ್ರೈಸ್ತರಾದ ನಮಗೆ ಹೀಗೆಂದು ಯಾವ ಗ್ರಂಥವೂ ಹೇಳಿಲ್ಲ. ಏಳನೇ ದಿನದ ಪೂಜೆ, ತಿಂಗಳ ಪೂಜೆ, ನವೆಂಬರ್ 2ರಂದು ಸಮಾಧಿಗೆ ಹೂವು, ಮೇಣದಬತ್ತಿ, ಅಷ್ಟೇ. ಆದರೆ ತಲೆತಲಾಂತರದಿಂದ ಇದೇ ಬೀದಿಯ ನಲ್ಲಿ ನೀರು ಕುಡಿದವರಿಗೆ ಬೀದಿಯ ಕಟ್ಟಳೆಯೂ ರಕ್ತಕ್ಕೆ ಸೇರಿರುತ್ತದೆ. ಜುಲೈನಲ್ಲಿ ಅಪ್ಪ ಹೋದರು. ಡಿಸೆಂಬರ್ ಬರುತ್ತಿದ್ದಂತೆ ಅಮ್ಮ ತೀರ್ಪು ಕೊಟ್ಟಳು: "ಈ ವರ್ಷ ಏನೂ ಬ್ಯಾಡ ಕಣೋ. ಸ್ಟಾರ್ ಬ್ಯಾಡ, ಕೇಕ್ ಬ್ಯಾಡ. ಪೂಜೆಗೆ ಹೋಗಿ ಬಂದು ಅನ್ನ ಸಾರು ಉಣ್ಣೋದು."

ನಾನು ಓದಿದ ಮಗ. ಓದಿದ್ದನ್ನು ಉಪಯೋಗಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು ಅನ್ನಿಸಿತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಕಥೆ ತೆಗೆದೆ. ಅವಳ ಗಂಡ ಆಲ್ಬರ್ಟ್ ತೀರಿಕೊಂಡದ್ದು 1861ರ ಡಿಸೆಂಬರ್ 14ರಂದು, ಕ್ರಿಸ್‌ಮಸ್‌ಗೆ ಸರಿಯಾಗಿ 11 ದಿನ ಮುಂಚೆ. ಅರಮನೆಯಲ್ಲಿ ಮರ ಅಲಂಕರಿಸಿ ನಿಲ್ಲಿಸುವುದರಲ್ಲಿ ಆತ ಎತ್ತಿದ ಕೈ. ಅವನ ಸಂಸಾರ ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಇಂಗ್ಲೆಂಡಿನವರಿಗೆ ಮರದ ಹುಚ್ಚು ಏರಿದ್ದು. ಅಂಥವನು ಹೋದ ಮೇಲೆ ರಾಣಿ 1901ರಲ್ಲಿ ತಾನು ಕಣ್ಣು ಮುಚ್ಚುವವರೆಗೂ, ಹತ್ತಿರ ಹತ್ತಿರ 40 ವರ್ಷ, ಕರಿಬಟ್ಟೆ ಕಳಚಲಿಲ್ಲ. "ನೋಡಮ್ಮ, ದುಃಖ ಅಂದ್ರೆ ಅದು," ಎಂದೆ.

ಅಮ್ಮ ಅಕ್ಕಿ ಆರಿಸುತ್ತಲೇ ಹೇಳಿದಳು: "ಅವಳಿಗೇನಪ್ಪ, ಬಟ್ಟೆ ಒಗೆಯೋಕೆ ಆಳಿದ್ರು. ಕರಿ ಸೀರೆ ಉಟ್ಕೊಂಡು ದುರ್ಗದ ಧೂಳಲ್ಲಿ ಒಂದಿನ ಓಡಾಡಿದ್ರೆ ಗೊತ್ತಾಗ್ತಿತ್ತು."

ಹಬ್ಬ ಇಲ್ಲವೆಂಬ ಸುದ್ದಿ ಬೀದಿಯಲ್ಲಿ ಹರಡಿದ್ದೇ ತಡ, ಹಬ್ಬ ಶುರುವಾಯಿತು. ಸಾವಾದ ಮನೆಯಲ್ಲಿ ಸಿಹಿ ಮಾಡುವುದಿಲ್ಲವಾದ್ದರಿಂದ ಮಾಡಿದವರು ತಂದುಕೊಡಬೇಕು, ಇದೂ ಕಟ್ಟಳೆಯೇ. ಪಕ್ಕದ ಮನೆ ಅಕ್ಕ ಹೋಳಿಗೆ ಕಳಿಸಿದರು. ಚರ್ಚಿನ ಮಹಿಳೆಯರಿಂದ ಕಲ್‌ಕಲ್, ಕರ್ಜಿಕಾಯಿ, ಚಕ್ಕುಲಿ ಬಂದವು. ಅಪ್ಪನ ಹಳೆಯ ಸಹೋದ್ಯೋಗಿಗಳು ಒಬ್ಬರ ಹಿಂದೊಬ್ಬರು ಬೇಕರಿಯ ಪ್ಲಮ್ ಕೇಕ್ ಹಿಡಿದು ಬಂದು, ಅದನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಟೀ ಕುಡಿದು ಹೋದರು. ಅಪ್ಪ ಇದ್ದಾಗ ಒಂದೇ ಕೇಕಿಗೆ ನಾವು ಜಗಳವಾಡುತ್ತಿದ್ದೆವು. ಈಗ ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿಲ್ಲ. ದುಃಖದಲ್ಲಿದ್ದವನ ತೂಕ ಇಳಿಯಬೇಕು ಎನ್ನುತ್ತಾರೆ. ನನ್ನ ಪ್ಯಾಂಟಿನ ಗುಂಡಿ ಬೇರೆಯೇ ಸಾಕ್ಷಿ ಹೇಳುತ್ತಿತ್ತು.

ಆಮೇಲೆ ಅಮ್ಮನ ತೀರ್ಪಿನಲ್ಲಿ ಸಣ್ಣ ತಿದ್ದುಪಡಿ ಬಂತು. "ಸ್ಟಾರ್ ಬ್ಯಾಡ. ಗೋದಲಿ ಮಾತ್ರ ಇಡು. ಬಾಲಯೇಸು ಡಬ್ಬದಲ್ಲೇ ಮಲಗಿದ್ರೆ ಪಾಪ ಅನ್ಸುತ್ತೆ."

ನಮ್ಮ ಮನೆಯ ಗೋದಲಿಯ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. 2002ರಲ್ಲಿ ಬೆಸ್ಕಾಂ ಬಂದು 20 ವರ್ಷವಾದರೂ ಅವರ ಬಾಯಲ್ಲಿ ಅದು ಕೆಇಬಿಯೇ. ವರ್ಷವಿಡೀ ಕಂಬ ಹತ್ತಿ ಇಳಿದು ಡಿಸೆಂಬರಿನಲ್ಲಿ ಅವರು ಬೆತ್ಲೆಹೇಮ್ ಕಟ್ಟಲು ಕೂರುತ್ತಿದ್ದರು. ಅದು ಬೆತ್ಲೆಹೇಮ್ ಎಂದು ಅವರು ಹೇಳಿದ್ದರಿಂದ ನಾವು ನಂಬಿದ್ದೆವು. ನೋಡಿದವರಿಗೆ ಅದು ಚಿತ್ರದುರ್ಗವೇ. ಗೋಣಿತಾಟನ್ನು ಮೈದಾ ಅಂಟಿನಲ್ಲಿ ಅದ್ದಿ ಒಣಗಿಸಿದ ಬಂಡೆಗಳು, ಅವುಗಳ ಸುತ್ತ ಏಳು ಸುತ್ತಿನ ಕೋಟೆ. ಕುರಿಗಳ ಮೈಗೆ ಅಂಟಿಸಿದ್ದು ಚಳ್ಳಕೆರೆ ಕಂಬಳಿಯ ತುಂಡು. ಕೊಟ್ಟಿಗೆಯ ಎತ್ತಿಗೆ ಹಿಂದಕ್ಕೆ ಬಾಗಿದ ಉದ್ದನೆಯ ಚೂಪು ಕೊಂಬು, ಅಪ್ಪಟ ಅಮೃತಮಹಲ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಜೀವಂತ ಎತ್ತು, ಕತ್ತೆ ಕಟ್ಟಿಸಿ ಗೋದಲಿ ಮಾಡಿದಾಗ ಅವರಿಗೆ ಅಲ್ಲಿಯ ಎತ್ತು ಸಿಕ್ಕಿತು, ನಮಗೆ ಇಲ್ಲಿಯದು, ತಪ್ಪೇನು ಎಂಬುದು ಅಪ್ಪನ ವಾದ.

ಕೊಟ್ಟಿಗೆಯ ಹಿಂಬದಿಯ ಸಂದಿಯಲ್ಲಿ ಒನಕೆ ಹಿಡಿದು ಓಬವ್ವ ನಿಂತಿರುತ್ತಿದ್ದಳು. ಗೇಣುದ್ದದ ಮಣ್ಣಿನ ಬೊಂಬೆ, ಹಸಿರು ಸೀರೆ, ಕೈಯಲ್ಲಿ ಹಳೆಯ ಪೆನ್ಸಿಲ್ಲಿನ ಒನಕೆ. ಒಮ್ಮೆ ಮನೆ ಆಶೀರ್ವಾದಕ್ಕೆ ಬಂದ ಫಾದರ್ ಬಗ್ಗಿ ನೋಡಿ, ಇವರು ಯಾರು ಎಂದು ಕೇಳಿದ್ದರು. ಅಪ್ಪ ಹೇಳಿದ್ದು: "ಹೆರೋದನ ಸಿಪಾಯಿಗಳು ಕೂಸು ಹುಡುಕ್ಕೊಂಡು ಬರ್ತಾರಲ್ಲ ಫಾದರ್. ಯೋಸೇಫ ಬಡಗಿ, ಕತ್ತಿ ಹಿಡಿದೋನಲ್ಲ. ಹಿಂದಿನ ಕಿಂಡಿ ಯಾರು ಕಾಯ್ಬೇಕು?" ಹೈದರಾಲಿಯ ಸೈನಿಕರನ್ನೇ ಲೆಕ್ಕಕ್ಕಿಡದವಳಿಗೆ ಹೆರೋದನ ಕಡೆಯವರು ಯಾವ ಲೆಕ್ಕ! ಫಾದರ್ ಸ್ವಲ್ಪ ಹೊತ್ತು ಯೋಚಿಸಿ ಓಬವ್ವನಿಗೂ ತೀರ್ಥ ಪ್ರೋಕ್ಷಿಸಿದರು.

ಇಷ್ಟೂ ಸರಂಜಾಮು ಅಟ್ಟದ ಮೇಲೆ ಒಂದು ಹಳೆಯ ಎಣ್ಣೆ ಡಬ್ಬದಲ್ಲಿತ್ತು. ಇಳಿಸಿ ಮುಚ್ಚಳ ತೆಗೆದರೆ ಒಳಮೈಗೆ ಅಂಟಿಸಿದ ಚೀಟಿ, ಅಪ್ಪನ ದುಂಡು ಅಕ್ಷರ. "ಮೊದಲು ಮೇನ್ ಆಫ್ ಮಾಡುವುದು. ಬಲ್ಬು ಕೊನೆಗೆ. ಮಗನ ಕೈಗೆ ಕೊಡಬೇಡಿ." ಅಮ್ಮ ಚೀಟಿ ಓದಿ ಸೆರಗು ಬಾಯಿಗೆ ಹಿಡಿದಳು. ಅತ್ತಳೆಂದು ಸಮಾಧಾನ ಮಾಡಲು ಹೋದೆ. ನಗುತ್ತಿದ್ದಳು.

ಕೋಟೆ ಎದ್ದಿತು, ಕುರಿ ನಿಂತವು. ಕೊನೆಗೆ ಕನ್ನಡಿಯ ಚೂರು ಕೈಗೆ ಬಂತು. ಅದು ಮಾರಿಕಣಿವೆ. ಎರಡು ಗುಡ್ಡದ ನಡುವೆ ಅದನ್ನು ಮಲಗಿಸಿದರೆ ವಾಣಿವಿಲಾಸ ಸಾಗರ. ಅಪ್ಪನಿಗೆ ಆ ಕೆರೆಯ ಗೀಳು ಎಂಥದೆಂದರೆ, ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಮೊದಲು ಅಲ್ಲಿಯ ನೀರಿನ ಮಟ್ಟ ಓದಿ ಆಮೇಲೆ ನಿಧನ ವಾರ್ತೆಗೆ ಬರುತ್ತಿದ್ದರು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ತಾತ ಅದನ್ನು ಕಣ್ಣಾರೆ ಕಂಡು ಅಪ್ಪನ ಕಿವಿಗೆ ತುಂಬಿದ್ದರು. ಅಪ್ಪ ಜೀವಮಾನವಿಡೀ ಕಾದರು. ಕೆರೆ ಬತ್ತಿ ತಳ ಕಂಡಾಗಲೂ, ಬೀಳುತ್ತೆ ನೋಡ್ತಿರು ಎಂದರು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ, 89 ವರ್ಷಗಳ ನಂತರ, ಬಿತ್ತು. ಜಿಲ್ಲೆಗೆ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ಹಿರಿಯೂರಿನ ದಾರಿ ಹಿಡಿಯಿತು. ಅಮ್ಮ ಹೋಗಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಕನ್ನಡಿ ಚೂರು ಕೈಯಲ್ಲಿ ಹಿಡಿದ ಅಮ್ಮ, "ಈ ಸಲ ಇದು ಬ್ಯಾಡ. ನೀರು ಬಿಡು. ಕೋಡಿ ಬೀಳ್ಬೇಕು," ಎಂದಳು.

ಹಬ್ಬ ಇಲ್ಲ, ಆದರೆ ಕೋಡಿ ಬೀಳಬೇಕು. ಆಗಲಿ.

ಕೂಲರ್ ಪಂಪು ತರಬಹುದಿತ್ತು. ಆದರೆ ಚೀಟಿಯ ಮಾತು ನೆನಪಿದ್ದರಿಂದ ಕರೆಂಟಿನ ಗೊಡವೆಯೇ ಬೇಡ, ಭೂಮಿಯ ಗುರುತ್ವಾಕರ್ಷಣೆಯನ್ನೇ ನಂಬೋಣ ಎಂದು ನಿರ್ಧರಿಸಿದೆ. ಮಾಳಿಗೆಯ ಮೇಲೆ ನೀರಿನ ಟ್ಯಾಂಕಿದೆ. ಅದರ ವಾಲ್ವಿಗೆ ತೋಟದ ಡ್ರಿಪ್ ಪೈಪು ಸಿಕ್ಕಿಸಿ, ಕಿಟಕಿಯೊಳಗಿಂದ ಇಳಿಸಿ ಗುಡ್ಡದ ಹಿಂದೆ ಬಿಟ್ಟರೆ, ಜೇಡಿಮಣ್ಣಿನ ಏರಿಯ ಹಿಂದೆ ನೀರು ತುಂಬಿ, ಕೋಡಿಯಿಂದ ಸಣ್ಣಗೆ ಇಳಿದು, ಕೆಳಗಿನ ಬೋಗುಣಿಗೆ ಬೀಳಬೇಕು. ಕಾಗದದ ಮೇಲೆ ನಕ್ಷೆ ಬರೆದೆ. ನಕ್ಷೆಯಲ್ಲಿ ನೀರು ನನ್ನ ಮಾತು ಕೇಳಿತು. ಕೊಟ್ಟಿಗೆಯೊಳಗಿನ ಒಂದೇ ಬಲ್ಬಿಗೆ ಎಳೆದಿದ್ದ ಎಕ್ಸ್‌ಟೆನ್ಷನ್ ಬೋರ್ಡು ಗುಡ್ಡದ ಹಿಂದೆ ನೆಲದ ಮೇಲೆಯೇ ಮಲಗಿದ್ದದ್ದು ನಕ್ಷೆಯಲ್ಲಿ ಇರಲಿಲ್ಲ.

ರಾತ್ರಿ ಅಮ್ಮನನ್ನು ಗೋದಲಿಯ ಮುಂದೆ ಕುರ್ಚಿ ಹಾಕಿ ಕೂರಿಸಿ ನಾನು ಮಾಳಿಗೆ ಹತ್ತಿದೆ. ವಾಲ್ವ್ ಒಂದು ಸುತ್ತು ತಿರುಗಿಸಿ, "ಬಂತಾ?" ಎಂದು ಕೂಗಿದೆ. "ಇಲ್ಲ!" ಇನ್ನೊಂದು ಸುತ್ತು. "ಬಂತಾ?" "ಇಲ್ಲ ಕಣೋ!" ಪೈಪು ಎಲ್ಲೋ ಮಡಚಿಕೊಂಡಿತ್ತು. ಅದನ್ನು ಹಿಡಿದು ಜೋರಾಗಿ ಒದರಿದೆ. ಅದೇ ಗಳಿಗೆಗೆ ಕೆಳಗೆ ನಮ್ಮ ಗೇಟಿನ ಮುಂದೆ ಚರ್ಚಿನ ಕ್ಯಾರಲ್ ತಂಡ ಬಂದು ನಿಂತಿತು. ಸಾವಾದ ಮನೆಯ ಮುಂದೆ ಹಾಡಬೇಕೋ ಬಿಡಬೇಕೋ ಎಂದು ಪಿಸುಮಾತಿನ ಸಭೆ ನಡೆಯುತ್ತಿತ್ತು. ಡ್ರಮ್ಮಿನ ಹುಡುಗ ಕೋಲು ಮೇಲೆತ್ತಿ ಆಜ್ಞೆಗೆ ಕಾಯುತ್ತಿದ್ದ. ಸಾಂತಾಕ್ಲಾಸ್ ಮುಖವಾಡದ ಸಂದಿಯಿಂದ, "ನಿಧಾನದ್ದು ಒಂದು ಹಾಡಿ, ಹಲ್ಲೆಲೂಯ ಬೇಡ," ಎನ್ನುವುದು ಮಾಳಿಗೆಯ ಮೇಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

ಕೆಳಗಿನಿಂದ ಅಮ್ಮನ ದನಿ: "ಬಂತೋ! ಕೋಡಿ ಬಿತ್ತೋ!" ಮರುಕ್ಷಣ, "ಏರಿ ಹೋಯ್ತೋ!" ಅದರ ಹಿಂದೆಯೇ ಟಪ್ ಎಂದು ಇಡೀ ಮನೆ ಕತ್ತಲು.

ಆ ಕತ್ತಲಲ್ಲಿ ವಾಲ್ವನ್ನು ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೋ ಬಲಕ್ಕೋ ಎಂಬುದು ನನಗೆ ಹೊಳೆಯಲಿಲ್ಲ. ಎರಡೂ ಕಡೆ ತಿರುಗಿಸಿದೆ. ಎರಡೂ ಕಡೆ ನೀರು ಜೋರಾಗಿಯೇ ಹೋದಂತೆ ಕೇಳಿಸಿತು. ಕೊನೆಗೆ ಪೈಪನ್ನೇ ಕಿತ್ತೆ. ಟ್ಯಾಂಕು ನನ್ನನ್ನು ತಲೆಯಿಂದ ಕಾಲಿನವರೆಗೆ ಜ್ಞಾನಸ್ನಾನ ಮಾಡಿಸಿತು. ನನಗೆ ಇದು ಎರಡನೆಯದು.

ತೊಯ್ದು ತೊಪ್ಪೆಯಾಗಿ ಕೆಳಗಿಳಿದಾಗ ಪಡಸಾಲೆಯ ನೀರಿನಲ್ಲಿ ಮೊಬೈಲ್ ಬೆಳಕು ಹಿಡಿದು ಸಾಂತಾಕ್ಲಾಸ್ ನಿಂತಿದ್ದ. ಅಮ್ಮ ಕಾಲು ಮೇಲೆತ್ತಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿದ್ದಳು. ಏನು ಮಾತಾಡಬೇಕೆಂದು ತೋಚದೆ ಆತ ಅವಳ ಕೈ ಹಿಡಿದು, "ಧೈರ್ಯ ತಂದ್ಕೊಳ್ಳಿ ಆಂಟಿ," ಎನ್ನುತ್ತಿದ್ದ. ಅವರಿಬ್ಬರ ನಡುವೆ ಚಳ್ಳಕೆರೆ ಕುರಿಯೊಂದು ತೇಲಿ ಹೋಯಿತು.

ನಮ್ಮ ಪುಣ್ಯಕ್ಕೆ ಆ ಗಡ್ಡದೊಳಗೆ ಇದ್ದದ್ದು ಅಪ್ಪನ ಹಿಂದೆ ಏಣಿ ಹಿಡಿದು ವೈರಿಂಗ್ ಕಲಿತ ಹುಡುಗ. ಹತ್ತಿಯ ಗಡ್ಡವನ್ನು ಹೆಗಲ ಮೇಲೆ ಎಸೆದುಕೊಂಡು ಸ್ಟೂಲು ಹತ್ತಿದ. ಮೀಟರ್ ಬೋರ್ಡಿಗೆ ಬೆಳಕು ಬಿಟ್ಟು ನೋಡಿ ನಕ್ಕ. "ಇಎಲ್‌ಸಿಬಿ ಬಿದ್ದಿದೆ ಅಣ್ಣ. ಇಲ್ಲಾಂದ್ರೆ ಇವತ್ತು ಯಾರಿಗಾದ್ರೂ ಹೊಡೀತಿತ್ತು. ನಿಮ್ಮ ತಂದೆ ನನ್ನ ಕೈಲೇ ಹಾಕ್ಸಿದ್ದು. ಇಷ್ಟು ದುಬಾರಿದು ಯಾಕೆ ಅಂಕಲ್ ಅಂದೆ. ಮನೇಲಿ ಮಗ ಇದಾನಲ್ಲಪ್ಪ ಅಂದ್ರು."

ಗೇಟಿನ ಹೊರಗೆ ನಿಂತವರೆಲ್ಲ ಪ್ಯಾಂಟು ಮಡಚಿ ಒಳಗೆ ಬಂದರು. ಡ್ರಮ್ಮಿನವನಿಗೆ ಬಕೆಟ್ಟು, ಗಿಟಾರಿನವನಿಗೆ ಪೊರಕೆ. ನೀರು ಎತ್ತಿ ಹಾಕುತ್ತಾ ಯಾರೋ ಗುನುಗಿದರು, ಇನ್ನೊಬ್ಬರು ಸೇರಿಕೊಂಡರು. ಹಲ್ಲೆಲೂಯವೂ ಆಯಿತು. ಫ್ರಿಜ್ಜಿನಲ್ಲಿದ್ದ ಅಷ್ಟೂ ಕೇಕು ಖಾಲಿಯಾಗಿ ಮರುದಿನದಿಂದ ಹಾಲಿಗೆ ಜಾಗ ಸಿಕ್ಕಿತು. ಏರಿ, ಕೋಟೆ, ಕೊಟ್ಟಿಗೆ ಎಲ್ಲ ಕುಸಿದಿದ್ದರೂ ಹಿಂದಿನ ಸಂದಿಯಲ್ಲಿ ಓಬವ್ವ ಮಾತ್ರ ಪೆನ್ಸಿಲ್ ಹಿಡಿದು ನಿಂತೇ ಇದ್ದಳು. ಅವಳ ಹಸಿರು ಬಣ್ಣವಷ್ಟೇ ಕರಗಿ ಬಾಲಯೇಸುವಿನ ಹುಲ್ಲಿನ ಹಾಸಿಗೆಗೆ ಹತ್ತಿತ್ತು.

ಬೆಳಿಗ್ಗೆ ಗೋಣಿತಾಟು, ಕುರಿ, ಜೋಯಿಸರು, ಒಂಟೆಗಳನ್ನು ಅಂಗಳದಲ್ಲಿ ಸಾಲಾಗಿ ಒಣಹಾಕಿದ್ದೆವು. ಹೋಳಿಗೆ ತಟ್ಟೆ ವಾಪಸು ಒಯ್ಯಲು ಬಂದ ಪಕ್ಕದ ಮನೆ ಅಕ್ಕ ಬಾಗಿಲಲ್ಲೇ ನಿಂತು ಅಂಗಳ ನೋಡಿದರು, ನನ್ನನ್ನು ನೋಡಿದರು.

"ರಾತ್ರಿಯೆಲ್ಲ ಹಾಡು ಕೇಳಿಸ್ತು ಕಣಮ್ಮ. ಈ ವರ್ಷ ಹಬ್ಬ ಇಲ್ಲ ಅಂದಿದ್ರಿ?"

ಅಮ್ಮ ಒಂಟೆಯನ್ನು ಬಿಸಿಲಿಗೆ ಹೊರಳಿಸಿ ಹೇಳಿದಳು: "ಹಬ್ಬ ಎಲ್ಲಿ ಬಂತವ್ವಾ. ಕೋಡಿ ಬಿತ್ತು, ಅಷ್ಟೆ."