ಓಎಂಆರ್‌ನ ಚಿತ್ರಗುಪ್ತ

ಚೆನ್ನೈನ ಓಎಂಆರ್ ರಸ್ತೆಯಲ್ಲಿರುವ ನಮ್ಮ ಆಫೀಸಿನ ಕಟ್ಟುನಿಟ್ಟು ನೋಡಿದರೆ ಒಳಗೆ ಅಣುಬಾಂಬು ತಯಾರಾಗುತ್ತಿದೆ ಅನ್ನಬೇಕು. ಗೇಟಿನಲ್ಲಿ ಸೆಕ್ಯುರಿಟಿಯವರು ಮೊಸರನ್ನದ ಡಬ್ಬಿಯನ್ನೂ ಅಲ್ಲಾಡಿಸಿ ನೋಡುತ್ತಾರೆ. ಆಮೇಲೆ ಕಾರ್ಡು, ಬೆರಳು, ಓಟಿಪಿ. ಇಷ್ಟೆಲ್ಲ ದಾಟಿ ಲಾಗ್ ಫೈಲ್ ತೆರೆದರೆ, ಯಾರದೋ ಪಾಸ್‌ವರ್ಡು ಅಂಗಾತ ಮಲಗಿರುತ್ತದೆ.

ಇಲ್ಲಿಗೆ ಹತ್ತಿರದ ಕಾಂಚೀಪುರದಲ್ಲಿ ಚಿತ್ರಗುಪ್ತನಿಗೊಂದು ಗುಡಿಯಿದೆ. ನಮ್ಮಲ್ಲೂ ಒಬ್ಬನಿದ್ದಾನೆ: ಲಾಗ್ ಎಂದರೆ ಪ್ರೋಗ್ರಾಮಿನ ಚಿತ್ರಗುಪ್ತ, ಕಂಡದ್ದನ್ನೆಲ್ಲ ಬರೆಯುತ್ತದೆ. ನಿಜವಾದ ಚಿತ್ರಗುಪ್ತ ಕಡತ ತೋರಿಸುವುದು ಯಮನೊಬ್ಬನಿಗೇ. ನಮ್ಮದನ್ನು ಸಪೋರ್ಟ್ ಟೀಮು, ಟೆಸ್ಟಿಂಗಿನವರು, ನಿನ್ನೆ ಸೇರಿದ ಟ್ರೈನಿ ಎಲ್ಲರೂ ಓದುತ್ತಾರೆ.

ಲಾಗಿಗೆ ಪಾಸ್‌ವರ್ಡು ಬರೆಸಿದವರನ್ನು ಕೇಳಿದೆ. ‘ಡೀಬಗ್ಗಿಗೆ ಹಾಕಿದ್ದು ಸಾರ್, ಅಪ್ಪುರಂ ಎಡುತ್ತಿಡಲಾಂ’ ಎಂದರು. ಆಮೇಲೆ ತೆಗೆದರಾಯಿತಂತೆ. ಆ ‘ಅಪ್ಪುರಂ’ ಇನ್ನೂ ಬಂದಿಲ್ಲ.

ಪಾಸ್‌ವರ್ಡನ್ನು ಮುಚ್ಚುವವರೂ ಇದ್ದಾರೆ. ಒಬ್ಬರು ‘ಪಾಸ್‌ವರ್ಡ್’ ಎಂಬ ಹೆಸರು ಕಂಡರೆ ಮುಂದಿನದಕ್ಕೆ ನಕ್ಷತ್ರ ಹಾಕುವ ಫಿಲ್ಟರ್ ಬರೆದರು. ಪಕ್ಕದ ಮೇಜಿನವರು ಅದೇ ಮಾಲಿಗೆ ‘ಪಿಡಬ್ಲ್ಯುಡಿ’ ಎಂದು ಹೆಸರಿಟ್ಟಿದ್ದರು. ಅದು ಲೋಕೋಪಯೋಗಿ ಇಲಾಖೆಯ ಗತ್ತಿನಲ್ಲಿ ದಾಟಿಹೋಯಿತು. ಇನ್ನೊಬ್ಬರು ಮೊದಲ ಎರಡು, ಕೊನೆಯ ಎರಡು ಅಕ್ಷರ ಮಾತ್ರ ಕಾಣಲಿ ಎಂದರು. ಪಾಸ್‌ವರ್ಡಿನಲ್ಲಿದ್ದದ್ದೇ ಆರಕ್ಷರ! ಎಲ್ಲ ಸರಿಯಿದ್ದಾಗಲೂ ಡೇಟಾಬೇಸ್ ಕೈಕೊಟ್ಟರೆ ಎರರ್ ಮೆಸೇಜು ವಿಳಾಸ, ಬಳಕೆದಾರ, ಪಾಸ್‌ವರ್ಡು ಮೂರನ್ನೂ ಒಂದೇ ಸಾಲಿನಲ್ಲಿ ಒದರಿಬಿಡಬಹುದು.

ನಾವೇ ದಡ್ಡರು ಎಂದು ಕೊರಗಬೇಕಿಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ, ಅಂದರೆ ನಮ್ಮ ದೇವತೆಗಳಷ್ಟು ಮಂದಿಗೆ, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದಿತು. ಗುರುತು ಸಿಗದಂತೆ ಹ್ಯಾಶ್ ಮಾಡುವ ಮೊದಲೇ ಒಳಗಿನ ಲಾಗ್ ಅದನ್ನು ಬರೆದುಕೊಂಡಿತ್ತು. ಪಾಸ್‌ವರ್ಡುಗಳನ್ನು ಹೀಗೆಯೇ ಬಿಚ್ಚಿಟ್ಟುಕೊಂಡಿದ್ದ ಫೇಸ್‌ಬುಕ್ಕಿನ ಒಡೆಯ ಮೆಟಾಗೆ ಐರ್ಲೆಂಡ್ 2024ರಲ್ಲಿ 9.1 ಕೋಟಿ ಯೂರೋ ದಂಡ ಹಾಕಿತು. ನಮ್ಮಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ಆದೇಶದಂತೆ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಸೋರಿದ ಪಾಸ್‌ವರ್ಡಿಗೂ ಆರು ತಿಂಗಳ ಸರ್ಕಾರಿ ವಸತಿ!

ಫಿಲ್ಟರ್ ಇರಲಿ, ಆದರೆ ಅದನ್ನೇ ನಂಬಿ ಕೂರಬೇಡಿ. ಯಾರು ಬಂದರು, ಎಷ್ಟು ಹೊತ್ತಿಗೆ, ಲಾಗಿನ್ ಆಯಿತೋ ಇಲ್ಲವೋ, ಲಾಗ್‌ಗೆ ಇಷ್ಟು ಗೊತ್ತಾದರೆ ಸಾಕು. ಗುಟ್ಟು ಆಗಲೇ ಅಲ್ಲಿಗೆ ಹೋಗಿದ್ದರೆ ಸಾಲು ಅಳಿಸಿ ಸುಮ್ಮನಾಗಬೇಡಿ, ಬ್ಯಾಕಪ್ಪಿನಲ್ಲಿ ಅದರ ಪ್ರತಿ ಉಳಿದಿರಬಹುದು. ಮೊದಲು ಪಾಸ್‌ವರ್ಡು ಬದಲಿಸಿ, ಬೈಗುಳ ಅಪ್ಪುರಂ.