ಮಂಡಕ್ಕಿಗೆ ಮರಳೇ ಯಾಕೆ?

ಅಕ್ಕಾ, ನಿಮ್ಮ ಹುಡುಗ ವಿಜ್ಞಾನ ಮೇಳಕ್ಕೆ ಹೆಸರು ಕೊಟ್ಟಿದ್ದಾನಂತೆ? ಒಳ್ಳೇದಾಯ್ತು. ಆದರೆ ಥರ್ಮಾಕೋಲಿನ ಜ್ವಾಲಾಮುಖಿ ತರೋಕೆ ಅಂಗಡಿಗೆ ಹೊರಟಿದ್ದರೆ ಸ್ವಲ್ಪ ನಿಲ್ಲಿ, ಕಾಂಪೌಂಡಿನ ಈ ಕಡೆಯಿಂದಲೇ ಒಂದು ಮಾತು ಹೇಳ್ತೀನಿ. ಹೈಸ್ಕೂಲಿನಲ್ಲಿ ಇದ್ದಾಗ ನಾನೂ ಮೇಳ ಮೇಳ ಅಂತ ಓಡಾಡಿದವಳೇ ಅಲ್ವಾ.

ಅಲ್ಲಿ ತೀರ್ಪುಗಾರರು ಮೊದಲು ಕೇಳೋದು ‘ಇದೇನು?’ ಅಂತ. ಅದಕ್ಕೆ ಬಾಯಿಪಾಠ ಸಾಕು. ಆಮೇಲೆ ಕೇಳೋದು ‘ಇದು ನಿನಗೆ ಹೆಂಗೆ ಗೊತ್ತಾಯ್ತು?’ ಅಂತ. ಕೈಯಾರೆ ಮಾಡಿದವರಿಗಷ್ಟೇ ಅಲ್ಲಿ ಬಾಯಿ ಬರುತ್ತೆ.

ನಾವು ತಗೊಂಡಿದ್ದು ಮಂಡಕ್ಕಿ. ಸಂಜೆಯಾದ್ರೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ನಮ್ಮ ದಾವಣಗೆರೆಗೆ ಹೊತ್ತೇ ಹೋಗಲ್ಲ. ಭಟ್ಟಿಗಳೂ ಊರಲ್ಲೇ ಇವೆ. ಭಟ್ಟಿಯಲ್ಲಿ ಅಕ್ಕೀನ ಕಾದ ಮರಳಲ್ಲಿ ಹುರೀತಾರಲ್ಲ, ಮರಳೇ ಯಾಕೆ? ಅಷ್ಟೇ ನಮ್ಮ ಪ್ರಶ್ನೆ. ಭಟ್ಟಿಯವರ ಹತ್ತಿರ ಮಂಡಕ್ಕಿ ಅಕ್ಕಿ ಇಸ್ಕೊಂಡು ಬಂದು, ಒಂದೇ ತೂಕದ ಎರಡು ಪಾಲು ಮಾಡಿದ್ವಿ. ಅಮ್ಮ ಒಲೆ ಮುಂದೆ ನಿಂತ್ಕೊಂಡ್ರು. ಬರೀ ಬಾಣಲೆಗೆ ಹಾಕಿದ ಅಕ್ಕಿ ತಳ ತಾಗಿದ ಕಡೆ ಕೆಂಪಗಾಯ್ತು, ಅರಳಿದ್ದು ಕಡಿಮೆ. ಮರಳಿಗೆ ಹಾಕಿದ್ದು ಚಟಪಟ ಅಂತ ಬೆಳ್ಳಗೆ ಅರಳಿ ಮೇಲೆ ಬಂತು. ಕಾದ ಮರಳು ಕಾಳನ್ನ ಸುತ್ತಲಿಂದಲೂ ಮುತ್ತಿಕೊಳ್ಳುತ್ತೆ. ಒಳಗಿನ ತೇವ ಒಮ್ಮೆಲೇ ಹಬೆಯಾಗಿ ಕಾಳನ್ನ ಉಬ್ಬಿಸುತ್ತೆ. ನಿಧಾನಕ್ಕೆ ಕಾದರೆ ಆ ತೇವ ಮೆಲ್ಲಗೆ ಆರಿ ಹೋಗುತ್ತೆ. ಜರಡಿ ಹಿಡಿದು, ಅಳತೆ ಲೋಟಕ್ಕೆ ತುಂಬಿ, ಯಾವುದು ಎಷ್ಟು ಅರಳಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದ್ವಿ.

ಮೇಳದಲ್ಲಿ ಒಬ್ಬ ಮೇಷ್ಟ್ರು ಆ ನೋಟ್‌ಬುಕ್ ತಿರುವಿ, ‘ಅಕ್ಕಿ ತೀರಾ ಒಣಗಿದ್ದರೆ?’ ಅಂದ್ರು. ‘ಅದನ್ನ ಮಾಡಿ ನೋಡಿಲ್ಲ ಸಾರ್’ ಅಂದೆ. ‘ಹಂಗಾದ್ರೆ ಮುಂದಿನ ಕೆಲಸ ಅದೇ’ ಅಂತ ಬೆನ್ನು ತಟ್ಟಿದ್ರು. ಮನೆಗೆ ಬಂದು ಮಾಡಿದ್ವಿ. ಚೆನ್ನಾಗಿ ಒಣಗಿಸಿದ್ದು ಅಷ್ಟು ಅರಳಲಿಲ್ಲ. ಗೊತ್ತಿಲ್ಲ ಅಂತ ಧೈರ್ಯವಾಗಿ ಹೇಳಿ, ಆಮೇಲೆ ಹುಡುಕೋದು ನಾನು ಕಲಿತಿದ್ದು ಅಲ್ಲೇ ಅಕ್ಕಾ.

ಇಂಥ ಕೆಲಸಕ್ಕೆ ಅಂತಲೇ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಮುತ್ತಲ ಸಮಸ್ಯೆಯನ್ನೇ ಅಧ್ಯಯನ ಮಾಡಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇಲ್ಲಿ ಅದನ್ನ ನಡೆಸಿಕೊಂಡು ಬಂದಿದೆ. ಕನ್ನಡದಲ್ಲೇ ಹೇಳಬಹುದು, ಇಂಗ್ಲಿಷ್ ಬರಲ್ಲ ಅಂತ ಹುಡುಗ ಹಿಂಜರಿಯೋದು ಬೇಡ. ಇನ್‌ಸ್ಪೈರ್ ಮಾನಕ್ ಅಂತ ಇನ್ನೊಂದು ಯೋಜನೆ ಇದೆ. ಅದರಲ್ಲಿ ಆಯ್ಕೆಯಾದರೆ ಮಾದರಿ ಮಾಡೋಕೆ 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತೆ. ಎರಡರ ಬಗ್ಗೆಯೂ ಶಾಲೆಯ ವಿಜ್ಞಾನದ ಟೀಚರನ್ನ ಕೇಳಿ.

ವಿಷಯಕ್ಕೇನು ಬರ ನಮ್ಮ ಕಡೆ? ಕುಂದುವಾಡ ಕೆರೆ ನೀರಿದೆ, ಭದ್ರಾ ನಾಲೆ ಇದೆ, ಅಕ್ಕಿ ಗಿರಣಿಯ ಹೊಟ್ಟಿದೆ, ಹರಿಹರದಲ್ಲಿ ತುಂಗಭದ್ರೆ ಹರೀತಾಳೆ. ಹುಡುಗನಿಗೆ ಯಾವುದು ಕಾಡುತ್ತೋ ಅದನ್ನ ಅವನೇ ಆರಿಸಲಿ. ಬೆಂಕಿ, ಬಿಸಿನೀರು ಇದ್ದ ಕಡೆ ನೀವು ಜೊತೆಗಿರಿ. ಅಳೆಯೋದು, ಬರೆಯೋದು, ಮೇಳದಲ್ಲಿ ನಿಂತು ಉತ್ತರ ಕೊಡೋದು ಅವನದೇ ಆಗಲಿ. ಬಹುಮಾನ ಬಂದರೂ ಬರದಿದ್ದರೂ ಆ ನೋಟ್‌ಬುಕ್ ಮಾತ್ರ ಎಸೀಬೇಡಿ ಅಕ್ಕಾ, ಮುಂದಿನ ವರ್ಷದ ಪ್ರಶ್ನೆ ಅದರಲ್ಲೇ ಇರುತ್ತೆ.